ಗಾಳಿಯ ಲೆಕ್ಕ ಬಿಡಿಸಿದ ಎಂಜಿನಿಯರ್: ಫಜ್ಲುರ್ ರಹಮಾನ್ ಖಾನ್

ಮಕ್ಕಳೇ, ಆಷಾಢದ ಗಾಳಿ ಬೀಸುವಾಗ ಅಡಿಕೆ ತೋಟವನ್ನು ನೀವು ನೋಡಿದ್ದೀರಿ. ಮರಗಳೆಲ್ಲ ಒಂದು ಕಡೆಗೆ ಬಾಗುತ್ತವೆ, ಮತ್ತೆ ಎದ್ದು ನಿಲ್ಲುತ್ತವೆ. ಬುಡದ ಹತ್ತಿರ ಅಲುಗಾಟ ಕಾಣಿಸುವುದೇ ಇಲ್ಲ, ತುದಿ ಮಾತ್ರ ಜೋರಾಗಿ ತೂಗುತ್ತದೆ. ಈಗ ಒಂದು ಪ್ರಶ್ನೆ. ಅಂಥದ್ದೊಂದು ಅಡಿಕೆ ಮರದ ಹತ್ತಿಪ್ಪತ್ತು ಪಟ್ಟು ಎತ್ತರದ ಕಟ್ಟಡದ ತುದಿಯಲ್ಲಿ ನಿಮ್ಮ ಮನೆ ಇದ್ದರೆ? ಅಮ್ಮ ಅಲ್ಲಿ ಅಡುಗೆ ಮಾಡಬೇಕು, ಅಜ್ಜಿ ನಿದ್ದೆ ಮಾಡಬೇಕು, ನೀವು ಕುಳಿತು ಪಾಠ ಓದಬೇಕು. ಗಾಳಿ ಬಂದಾಗ ಮನೆ ತೂಗಿದರೆ ಯಾರಿಗೆ ತಾನೇ ಇಷ್ಟವಾದೀತು?

ಕುಂದಾಪುರ, ಬ್ರಹ್ಮಾವರ, ಬೈಂದೂರು ಪೇಟೆಗಳಲ್ಲಿ ಕೆಳಗೆ ಅಂಗಡಿ, ಮೇಲೆ ಕಚೇರಿ ಅಥವಾ ಮನೆ ಇರುವ ಕಟ್ಟಡಗಳನ್ನು ನೀವು ಕಂಡಿರುತ್ತೀರಿ. ಬೆಂಗಳೂರು, ಮುಂಬೈಗಳಲ್ಲಿರುವ ನಿಮ್ಮ ಮಾವನವರೋ ಚಿಕ್ಕಪ್ಪನವರೋ ಇನ್ನೂ ಎತ್ತರದ ಕಟ್ಟಡದ ಫ್ಲಾಟಿನಲ್ಲಿ ಇರಬಹುದು. ಇಂಥ ಕಟ್ಟಡವನ್ನು ನೂರು ಅಂತಸ್ತಿನವರೆಗೆ ಏರಿಸಿ, ಅದರಲ್ಲಿ ಅಂಗಡಿ, ಕಚೇರಿ, ಮನೆ ಎಲ್ಲವನ್ನೂ ಒಟ್ಟಿಗೆ ಇಟ್ಟವರಲ್ಲಿ ಒಬ್ಬರು ಫಜ್ಲುರ್ ರಹಮಾನ್ ಖಾನ್. ನಮ್ಮ ನೆರೆಯ ಬಂಗಾಳದ ನೆಲದಲ್ಲಿ ಹುಟ್ಟಿ, ಗಣಿತ ಮೇಷ್ಟ್ರ ಮಗನಾಗಿ ಬೆಳೆದು, ಇಡೀ ಪ್ರಪಂಚದ ನಗರಗಳ ರೂಪವನ್ನೇ ಬದಲಿಸಿದ ಎಂಜಿನಿಯರ್ ಇವರು. ಇವರ ಬದುಕಿನ ಕಥೆಯನ್ನು ಈ ಬಾರಿ ತಿಳಿಯೋಣ.

ಮೇಷ್ಟ್ರ ಮಗ

ಫಜ್ಲುರ್ ಹುಟ್ಟಿದ್ದು 1929ರ ಏಪ್ರಿಲ್ 3ರಂದು, ಢಾಕಾ ನಗರದಲ್ಲಿ. ಆಗ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ ಎಂದು ಬೇರೆ ಬೇರೆ ದೇಶಗಳು ಇರಲಿಲ್ಲ. ಎಲ್ಲವೂ ಬ್ರಿಟಿಷರ ಆಳ್ವಿಕೆಯ ಒಂದೇ ಭಾರತ. ಇಂದು ಢಾಕಾ ಬಾಂಗ್ಲಾದೇಶದ ರಾಜಧಾನಿ. ನಿಮ್ಮ ಭೂಪಟದಲ್ಲಿ ಅದನ್ನು ಗುರುತಿಸಿ ನೋಡಿ.

ತಂದೆ ಅಬ್ದುರ್ ರಹಮಾನ್ ಖಾನ್ ಗಣಿತ ಕಲಿಸುವ ಶಿಕ್ಷಕರು. ಶಾಲಾ ಮಕ್ಕಳಿಗಾಗಿ ಗಣಿತದ ಪುಸ್ತಕಗಳನ್ನೂ ಬರೆದವರು. ಮಗ ಶಾಲೆಯ ಲೆಕ್ಕ ಮುಗಿಸಿದರೆ ಅಲ್ಲಿಗೇ ಬಿಡುತ್ತಿರಲಿಲ್ಲ. ಅದೇ ಲೆಕ್ಕವನ್ನು ಇನ್ನೊಂದು ದಾರಿಯಲ್ಲಿ ಬಿಡಿಸುವಂತೆ ಹುರಿದುಂಬಿಸುತ್ತಿದ್ದರು. ಉತ್ತರ ಸರಿಯಾದರೆ ಸಾಲದು, ಅದು ಯಾಕೆ ಸರಿ ಎಂದು ತಿಳಿದಿರಬೇಕು ಎಂಬ ಅಭ್ಯಾಸ ಹುಡುಗನಿಗೆ ಮನೆಯಲ್ಲೇ ಬಂತು.

ಢಾಕಾದ ಅರ್ಮಾನಿಟೋಲ ಸರ್ಕಾರಿ ಪ್ರೌಢಶಾಲೆಯಲ್ಲಿ ಫಜ್ಲುರ್ ಓದಿದರು. ಹೌದು, ನಿಮ್ಮಂತೆಯೇ ಸರ್ಕಾರಿ ಶಾಲೆ. ಅವರಿಗೆ ಭೌತವಿಜ್ಞಾನ ಬಹಳ ಇಷ್ಟ. ಆದರೆ ತಂದೆಯ ಸಲಹೆಯಂತೆ ಎಂಜಿನಿಯರಿಂಗ್ ಆರಿಸಿಕೊಂಡರು. ಕಲ್ಕತ್ತೆಯ ಪಕ್ಕದಲ್ಲಿ, ಹೂಗ್ಲಿ ನದಿಯ ಆಚೆ ದಡದಲ್ಲಿರುವ ಶಿಬ್‌ಪುರದ ಬಂಗಾಳ ಎಂಜಿನಿಯರಿಂಗ್ ಕಾಲೇಜನ್ನು ಸೇರಿದರು.

ಗಲಭೆಯ ನಡುವೆ ಪರೀಕ್ಷೆ

1947ರಲ್ಲಿ ದೇಶ ಸ್ವತಂತ್ರವಾಯಿತು, ಜೊತೆಗೆ ವಿಭಜನೆಯೂ ಆಯಿತು. ಢಾಕಾ ಪೂರ್ವ ಪಾಕಿಸ್ತಾನಕ್ಕೆ ಸೇರಿತು, ಕಲ್ಕತ್ತೆ ಭಾರತದಲ್ಲಿ ಉಳಿಯಿತು. ಫಜ್ಲುರ್ ಅವರ ಮನೆ ಒಂದು ದೇಶದಲ್ಲಿ, ಕಾಲೇಜು ಇನ್ನೊಂದು ದೇಶದಲ್ಲಿ! 1950ರಲ್ಲಿ ಅಲ್ಲಿ ಗಲಭೆಗಳು ಎದ್ದವು. ಕೊನೆಯ ಪರೀಕ್ಷೆಯ ಹೊತ್ತಿನಲ್ಲೇ ಅವರು ಓದನ್ನು ನಡುವೆ ಬಿಟ್ಟು ಢಾಕಾಕ್ಕೆ ಮರಳಬೇಕಾಯಿತು.

ಯೋಚಿಸಿ ನೋಡಿ. ನಾಲ್ಕು ವರ್ಷ ಓದಿ, ಇನ್ನೇನು ಮುಗಿಯಿತು ಎನ್ನುವಾಗ ಊರು ಬಿಟ್ಟು ಓಡಬೇಕಾದರೆ ಹೇಗಿರುತ್ತದೆ? ಫಜ್ಲುರ್ ಎದೆಗುಂದಲಿಲ್ಲ. ಢಾಕಾದ ಅಹ್ಸಾನುಲ್ಲಾ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದು ಮುಗಿಸಿ, ಮೊದಲ ಸ್ಥಾನದಲ್ಲಿ ತೇರ್ಗಡೆಯಾದರು. ಕೆಲಕಾಲ ಅಲ್ಲೇ ಪಾಠವನ್ನೂ ಹೇಳಿದರು.

1952ರಲ್ಲಿ ವಿದ್ಯಾರ್ಥಿವೇತನ ದೊರೆತು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಹೋದರು. ಮೂರೇ ವರ್ಷಗಳಲ್ಲಿ ಎರಡು ಸ್ನಾತಕೋತ್ತರ ಪದವಿಗಳನ್ನೂ ಒಂದು ಪಿಎಚ್.ಡಿ. ಪದವಿಯನ್ನೂ ಪಡೆದರು! 1955ರಲ್ಲಿ ಶಿಕಾಗೋ ನಗರದ ಸ್ಕಿಡ್‌ಮೋರ್, ಓವಿಂಗ್ಸ್ ಆ್ಯಂಡ್ ಮೆರಿಲ್ ಎಂಬ ಹೆಸರಾಂತ ಕಟ್ಟಡ ವಿನ್ಯಾಸ ಸಂಸ್ಥೆ ಸೇರಿದರು. ನಡುವೆ ಒಮ್ಮೆ ಕರಾಚಿಗೆ ಹೋಗಿ ಕೆಲಸ ಮಾಡಿದರಾದರೂ 1960ರಲ್ಲಿ ಮತ್ತೆ ಶಿಕಾಗೋಕ್ಕೆ ಬಂದು ಅದೇ ಸಂಸ್ಥೆಯಲ್ಲಿ ನೆಲೆಯಾದರು.

ಎತ್ತರ ಎರಡು ಪಟ್ಟಾದರೆ...

ಖಾನ್ ಅವರ ಮುಂದಿದ್ದ ಸಮಸ್ಯೆ ಏನೆಂದು ಈಗ ನೋಡೋಣ. ಕಟ್ಟಡದ ಮೇಲೆ ಎರಡು ಬಗೆಯ ಭಾರ ಬೀಳುತ್ತದೆ. ಒಂದು, ಮೇಲಿನಿಂದ ಕೆಳಕ್ಕೆ ಒತ್ತುವ ಭಾರ. ಗೋಡೆ, ನೆಲ, ಮೇಜು, ಕುರ್ಚಿ, ಮನುಷ್ಯರು, ಎಲ್ಲರ ತೂಕ ಇದರಲ್ಲಿ ಬರುತ್ತದೆ. ಎರಡು, ಪಕ್ಕದಿಂದ ತಳ್ಳುವ ಬಲ. ಇದು ಗಾಳಿಯದು. ಭೂಕಂಪವಾದರೆ ನೆಲವೇ ಪಕ್ಕಕ್ಕೆ ಅಲುಗುತ್ತದೆ, ಆಗಲೂ ಇಂಥದೇ ಬಲ ಬೀಳುತ್ತದೆ.

ನಮ್ಮ ಹಂಚಿನ ಮನೆಗಳಿಗೆ ಗಾಳಿಯ ಚಿಂತೆ ಕಡಿಮೆ. ದಪ್ಪ ಮುರಕಲ್ಲಿನ ಗೋಡೆಯೇ ಸಾಕು. ಆದರೆ ಎತ್ತರ ಹೆಚ್ಚಿದಂತೆ ಗಾಳಿಯದೇ ದೊಡ್ಡ ಚಿಂತೆ. ಒಂದು ಸರಳ ಲೆಕ್ಕ ಮಾಡೋಣ. ಒಂದು ಕಟ್ಟಡದ ಅಗಲ ಬದಲಿಸದೆ ಎತ್ತರವನ್ನು ಎರಡು ಪಟ್ಟು ಮಾಡಿದಿರಿ ಎಂದುಕೊಳ್ಳಿ. ಗಾಳಿ ಎಲ್ಲ ಎತ್ತರದಲ್ಲೂ ಒಂದೇ ಸಮನಾಗಿ ಬೀಸುತ್ತದೆ ಎಂದೂ ಭಾವಿಸಿ. ಗಾಳಿ ತಾಗುವ ಗೋಡೆ ಎರಡು ಪಟ್ಟಾಯಿತು. ಆದ್ದರಿಂದ ತಳ್ಳುವ ಬಲವೂ ಎರಡು ಪಟ್ಟು. ಆ ಬಲ ಈಗ ಬುಡದಿಂದ ಎರಡು ಪಟ್ಟು ದೂರದಲ್ಲಿ ತಳ್ಳುತ್ತಿದೆ. ಸನ್ನೆಗೋಲು ಉದ್ದವಾದಷ್ಟೂ ಕಲ್ಲು ಸುಲಭವಾಗಿ ಏಳುತ್ತದಲ್ಲವೇ? ಇಲ್ಲೂ ಹಾಗೆಯೇ. ಎರಡು ಗುಣಿಸು ಎರಡು, ನಾಲ್ಕು. ಬುಡದಲ್ಲಿ ಕಟ್ಟಡವನ್ನು ಉರುಳಿಸಲು ನೋಡುವ ಪ್ರಯತ್ನ ನಾಲ್ಕು ಪಟ್ಟಾಗುತ್ತದೆ! ತುದಿಯ ಬಾಗುವಿಕೆ ಇನ್ನೂ ಹೆಚ್ಚು, ಹದಿನಾರು ಪಟ್ಟಿನಷ್ಟು. ನಿಜದಲ್ಲಿ ಮೇಲೆ ಹೋದಂತೆ ಗಾಳಿ ಇನ್ನೂ ಜೋರಾಗಿರುತ್ತದೆ. ಹಾಗಾಗಿ ಕಷ್ಟ ಇದಕ್ಕಿಂತಲೂ ಹೆಚ್ಚೇ.

ಹಳೆಯ ಪದ್ಧತಿಯ ಗಗನಚುಂಬಿಗಳಲ್ಲಿ ಇದಕ್ಕೆ ಒಂದೇ ಉಪಾಯವಿತ್ತು. ದೇವಸ್ಥಾನದ ಮಂಟಪದಂತೆ ಕಟ್ಟಡದ ಒಳಗೆಲ್ಲ ಕಂಬಗಳನ್ನು ನಿಲ್ಲಿಸಿ, ತೊಲೆಗಳಿಂದ ಬಿಗಿಯುವುದು. ಎತ್ತರ ಹೆಚ್ಚಿದಂತೆ ಉಕ್ಕು ಇನ್ನಷ್ಟು, ಮತ್ತಷ್ಟು ಬೇಕು. ಖರ್ಚು ಏರುತ್ತಾ ಹೋಗುತ್ತದೆ. ಹೀಗಾಗಿ ಅತಿ ಎತ್ತರದ ಕಟ್ಟಡ ಎಂದರೆ ದೊಡ್ಡ ದೊಡ್ಡ ಕಂಪನಿಗಳ ಕಚೇರಿ ಮಾತ್ರ, ಜನ ವಾಸಿಸುವ ಮನೆಗಳಿಗೆ ಅದು ತೀರ ದುಬಾರಿ ಎಂಬ ಸ್ಥಿತಿ ಇತ್ತು.

ಕೊಳವೆಯ ಉಪಾಯ

ಖಾನ್ ಬೇರೆ ದಾರಿ ಹುಡುಕಿದರು. ಬಸ್ಸಿನಲ್ಲಿ ನಿಂತು ಪ್ರಯಾಣಿಸುವಾಗ ನೀವು ಕಾಲುಗಳನ್ನು ಜೋಡಿಸಿ ನಿಲ್ಲುತ್ತೀರೋ, ಅಗಲಿಸಿ ನಿಲ್ಲುತ್ತೀರೋ? ಅಗಲಿಸಿ ನಿಂತರೆ ಬೀಳುವುದಿಲ್ಲ. ಕಟ್ಟಡಕ್ಕೂ ಇದೇ ನಿಯಮ. ಒಳಗೆ ಅಲ್ಲಲ್ಲಿ ನಿಂತ ಕಂಬಗಳನ್ನು ಹೊರ ಅಂಚಿಗೆ ತಂದು, ಹತ್ತಿರ ಹತ್ತಿರ ನಿಲ್ಲಿಸಿ, ಪ್ರತಿ ಅಂತಸ್ತಿನಲ್ಲೂ ದಪ್ಪ ತೊಲೆಗಳಿಂದ ಬಿಗಿದರೆ ಏನಾಗುತ್ತದೆ? ಕಟ್ಟಡದ ನಾಲ್ಕೂ ಗೋಡೆ ಸೇರಿ ಒಂದು ದೊಡ್ಡ ಪೊಳ್ಳು ಕೊಳವೆಯಂತೆ ವರ್ತಿಸುತ್ತದೆ. ಗಾಳಿ ತಳ್ಳಿದಾಗ ಗಾಳಿಯ ಕಡೆಯ ಕಂಬಗಳನ್ನು ಎಳೆದಂತಾಗುತ್ತದೆ, ಆಚೆ ಕಡೆಯ ಕಂಬಗಳನ್ನು ಒತ್ತಿದಂತಾಗುತ್ತದೆ. ಎರಡೂ ಕಡೆಯ ಕಂಬಗಳು ದೂರ ದೂರ ಇರುವುದರಿಂದ ಕಡಿಮೆ ಉಕ್ಕಿನಲ್ಲೇ ಕಟ್ಟಡ ಗಟ್ಟಿಯಾಗಿ ನಿಲ್ಲುತ್ತದೆ.

ಪ್ರಕೃತಿಯಲ್ಲಿ ಈ ಉಪಾಯ ಹಿಂದಿನಿಂದಲೂ ಇದೆ. ಬಿದಿರು ಒಳಗೆ ಪೊಳ್ಳು, ಆದರೂ ಎಷ್ಟು ಎತ್ತರ ಬೆಳೆಯುತ್ತದೆ ನೋಡಿ. ಅಡಿಕೆ ಮರವನ್ನು ಸೀಳಿ ನೀರು ಹರಿಸುವ ದಂಬೆ ಮಾಡುವುದನ್ನು ನೀವು ನೋಡಿರಬಹುದು. ಒಳಗಿನ ಮೆದು ಭಾಗವನ್ನು ಕೆರೆದು ತೆಗೆಯುತ್ತಾರೆ. ಹೊರಗಿನ ಗಟ್ಟಿ ಭಾಗ ಉಳಿಯುತ್ತದೆ. ಗಾಳಿಯನ್ನು ಹೆಚ್ಚಾಗಿ ತಡೆದು ನಿಲ್ಲುವುದು ಆ ಹೊರಭಾಗವೇ.

1960ರ ದಶಕದ ನಡುವಿನಲ್ಲಿ ಶಿಕಾಗೋದಲ್ಲಿ ಈ ಕೊಳವೆ ಪದ್ಧತಿಯಿಂದ 43 ಅಂತಸ್ತಿನ ಡಿವಿಟ್ ಚೆಸ್ಟ್‌ನಟ್ ಎಂಬ ಕಾಂಕ್ರೀಟ್ ಕಟ್ಟಡ ಎದ್ದಿತು. ಅದರ ಹೊರಗಿನ ಕಂಬಗಳ ನಡುವೆ ಇರುವ ಅಂತರ ಎರಡು ಮೀಟರ್‌ಗಿಂತಲೂ ಕಡಿಮೆ. ಅದು ಕಚೇರಿಯಲ್ಲ, ಜನ ವಾಸಿಸುವ ಮನೆಗಳ ಕಟ್ಟಡ ಎಂಬುದನ್ನು ಗಮನಿಸಿ.

ಒಂದೇ ಗೋಪುರದಲ್ಲಿ ಒಂದು ಊರು

ಮುಂದಿನ ಸವಾಲು ಇನ್ನೂ ದೊಡ್ಡದು. ಶಿಕಾಗೋದ ಮಿಷಿಗನ್ ಅವೆನ್ಯೂ ಬೀದಿಯಲ್ಲಿ ಕಚೇರಿಗೊಂದು, ಮನೆಗಳಿಗೊಂದು ಎಂದು ಎರಡು ಗೋಪುರ ಕಟ್ಟುವ ಆಲೋಚನೆ ಮೊದಲಿಗೆ ಇತ್ತು. ಎರಡು ಕಟ್ಟಡಗಳು ಜಾಗವನ್ನೆಲ್ಲ ತುಂಬಿಕೊಳ್ಳುತ್ತವೆ, ಒಂದರ ಕಿಟಕಿಗೆ ಇನ್ನೊಂದರ ಗೋಡೆ ಅಡ್ಡ ಬರುತ್ತದೆ. ಖಾನ್ ಮತ್ತು ಅವರ ಜೊತೆಗಾರ ವಾಸ್ತುಶಿಲ್ಪಿ ಬ್ರೂಸ್ ಗ್ರಹಾಂ ಇವೆರಡನ್ನೂ ಒಂದರ ಮೇಲೊಂದು ಇಟ್ಟು ಒಂದೇ ಗೋಪುರ ಮಾಡಿದರು. ಅದೇ ಜಾನ್ ಹ್ಯಾನ್‌ಕಾಕ್ ಸೆಂಟರ್. 100 ಅಂತಸ್ತು, 344 ಮೀಟರ್ ಎತ್ತರ.

ಯಾವುದು ಎಲ್ಲಿರಬೇಕು? ನೀವೇ ಯೋಚಿಸಿ. ಅಂಗಡಿಗಳು ರಸ್ತೆಗೆ ಹತ್ತಿರ ಇರಬೇಕು, ಆದ್ದರಿಂದ ಕೆಳಗೆ. ಅವುಗಳ ಮೇಲಿನ ಕೆಲವು ಅಂತಸ್ತುಗಳು ಕಾರು ನಿಲ್ಲಿಸಲು. ಕಾರುಗಳು ಸುರುಳಿ ದಾರಿಯಲ್ಲಿ ಮೇಲೇರುತ್ತವೆ. ಅದರ ಮೇಲೆ ಕಚೇರಿಗಳು. ಕಚೇರಿಗೆ ಅಗಲವಾದ ಜಾಗ ಬೇಕು. ಮನೆಗಳು ಎಲ್ಲಕ್ಕಿಂತ ಮೇಲೆ, 44ನೆಯ ಅಂತಸ್ತಿನಿಂದ 92ರವರೆಗೆ. ಮನೆಗೆ ಗಾಳಿ ಬೆಳಕು ಬೇಕು, ಕೋಣೆಗಳು ಕಿಟಕಿಯ ಹತ್ತಿರ ಇರಬೇಕು. ಹಾಗಾಗಿ ಅಲ್ಲಿ ಕಟ್ಟಡ ತೆಳ್ಳಗಿದ್ದರೇ ಒಳ್ಳೆಯದು. ಕೆಳಗೆ ಅಗಲ, ಮೇಲೆ ತೆಳ್ಳಗೆ! ಗಾಳಿಯನ್ನು ಎದುರಿಸಲೂ ಬೇಕಾದದ್ದು ಇದೇ ಆಕಾರ. ಬುಡದಲ್ಲಿ ಸುಮಾರು 81 ಮೀಟರ್ ಉದ್ದ, 50 ಮೀಟರ್ ಅಗಲ ಇರುವ ಗೋಪುರ ತುದಿಗೆ ಹೋಗುವಾಗ 49 ಮೀಟರ್ ಉದ್ದ, 30 ಮೀಟರ್ ಅಗಲಕ್ಕೆ ಇಳಿಯುತ್ತದೆ. ಜನರ ಅನುಕೂಲ ಮತ್ತು ವಿಜ್ಞಾನದ ನಿಯಮ ಎರಡೂ ಇಲ್ಲಿ ಒಂದೇ ಉತ್ತರ ಕೊಟ್ಟವು.

ಲಿಫ್ಟಿನ ವಿಷಯವೂ ಇದೆ. ನೂರು ಅಂತಸ್ತಿಗೂ ನೆಲದಿಂದಲೇ ಬೇರೆ ಬೇರೆ ಲಿಫ್ಟ್ ಇಟ್ಟರೆ ಕೆಳಗಿನ ಅಂತಸ್ತುಗಳ ಜಾಗವನ್ನೆಲ್ಲ ಲಿಫ್ಟುಗಳೇ ನುಂಗಿಬಿಡುತ್ತವೆ. ಅದಕ್ಕೆ ಮನೆಯವರು ಮೊದಲು ನೇರವಾಗಿ 44ನೆಯ ಅಂತಸ್ತಿಗೆ ಹೋಗಿ, ಅಲ್ಲಿ ಇನ್ನೊಂದು ಲಿಫ್ಟ್ ಹಿಡಿಯುತ್ತಾರೆ. ಉಡುಪಿಯಿಂದ ಬೈಂದೂರಿನ ಒಳಹಳ್ಳಿಗೆ ಹೋಗುವವರು ನಡುವೆ ಬಸ್ಸು ಬದಲಿಸಿದ ಹಾಗೆ! ಆ ಅಂತಸ್ತಿನಲ್ಲೇ ದಿನಸಿ ಅಂಗಡಿ, ಈಜುಕೊಳ ಎಲ್ಲ ಇವೆ. ನಂತರದ ವರ್ಷಗಳಲ್ಲಿ ಇಲ್ಲಿಯ ಮನೆಗಳನ್ನು ಒಬ್ಬೊಬ್ಬರು ಕೊಂಡುಕೊಂಡರು. ಮನೆ ಅವರವರದು, ಆದರೆ ಲಿಫ್ಟು, ಮೆಟ್ಟಿಲು, ಈಜುಕೊಳ ಎಲ್ಲರಿಗೂ ಸೇರಿದ್ದು. ಅದನ್ನು ನೋಡಿಕೊಳ್ಳುವ ಖರ್ಚನ್ನು ಎಲ್ಲರೂ ಹಂಚಿಕೊಳ್ಳಬೇಕು. ನಮ್ಮಲ್ಲಿ ಫ್ಲಾಟ್ ಕೊಂಡವರ ವ್ಯವಸ್ಥೆಯೂ ಹೀಗೆಯೇ ಇರುತ್ತದೆ.

ಗೋಡೆಯ ಮೇಲೆ ಗುಣಾಕಾರ ಚಿಹ್ನೆ

ಈ ಗೋಪುರದ ಚಿತ್ರ ಸಿಕ್ಕಿದರೆ ನೋಡಿ. ಹೊರಗೋಡೆಯ ಮೇಲೆ ದೊಡ್ಡ ದೊಡ್ಡ ಗುಣಾಕಾರ ಚಿಹ್ನೆಗಳು ಕಾಣುತ್ತವೆ. ಅವು ಅಲಂಕಾರಕ್ಕಲ್ಲ. ಅವು ಓರೆಯಾಗಿ ಕೂರಿಸಿದ ಉಕ್ಕಿನ ತೊಲೆಗಳು.

ನಾಲ್ಕು ಕಡ್ಡಿಗಳಿಂದ ಒಂದು ಚೌಕ ಮಾಡಿ ಪಕ್ಕದಿಂದ ತಳ್ಳಿ. ಅದು ಓರೆಯಾಗಿ ಮಲಗಿಬಿಡುತ್ತದೆ. ಅದರ ಮೂಲೆಯಿಂದ ಮೂಲೆಗೆ ಇನ್ನೊಂದು ಕಡ್ಡಿ ಕಟ್ಟಿ. ಈಗ ಅದು ಎರಡು ತ್ರಿಕೋನಗಳಾಯಿತು. ಎಷ್ಟು ತಳ್ಳಿದರೂ ಬಾಗುವುದಿಲ್ಲ. ತ್ರಿಕೋನದ ಮೂರು ಬಾಹುಗಳ ಉದ್ದ ನಿಗದಿಯಾದರೆ ಅದರ ಆಕಾರವೂ ನಿಗದಿಯಾಯಿತು ಎಂದು ರೇಖಾಗಣಿತದಲ್ಲಿ ಕಲಿತಿದ್ದೀರಿ. ಕಟ್ಟಡವನ್ನು ಗಾಳಿಯಲ್ಲಿ ಹಿಡಿದು ನಿಲ್ಲಿಸಿದ್ದು ಆ ಪಾಠವೇ. ನಿಮ್ಮ ಸೈಕಲ್ಲಿನ ಚೌಕಟ್ಟಿನಲ್ಲಿಯೂ ತ್ರಿಕೋನವಿದೆ, ಹಂಚಿನ ಮಾಡಿನ ಕೆಳಗೆ ಮರದ ಕೈಮರಗಳಲ್ಲಿಯೂ ಇದೆ. ತಲೆ ಎತ್ತಿ ನೋಡಿ.

ಇದರಿಂದ ಉಳಿದದ್ದೆಷ್ಟು? 1931ರಲ್ಲಿ ನ್ಯೂಯಾರ್ಕಿನಲ್ಲಿ ಕಟ್ಟಿದ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಒಂದು ಚದರ ಮೀಟರ್ ನೆಲಕ್ಕೆ ಸುಮಾರು 206 ಕಿಲೋ ಉಕ್ಕು ಬೇಕಾಗಿತ್ತು. ಹ್ಯಾನ್‌ಕಾಕ್ ಗೋಪುರಕ್ಕೆ ಸುಮಾರು 145 ಕಿಲೋ ಸಾಕಾಯಿತು. ವ್ಯತ್ಯಾಸ 61 ಕಿಲೋ. ನಿಮ್ಮ ತರಗತಿ ಕೋಣೆ 7 ಮೀಟರ್ ಉದ್ದ, 6 ಮೀಟರ್ ಅಗಲ ಇದೆ ಎನ್ನಿ. 42 ಚದರ ಮೀಟರ್. ಅಷ್ಟು ಜಾಗಕ್ಕೇ 2500 ಕಿಲೋಗಿಂತ ಹೆಚ್ಚು ಉಕ್ಕು ಉಳಿಯಿತು! ನೂರು ಅಂತಸ್ತಿಗೆ ಎಷ್ಟಾಗಬಹುದು, ಊಹಿಸಿ. ಉಕ್ಕು ಉಳಿದರೆ ಹಣ ಉಳಿಯಿತು, ಗಣಿಯಿಂದ ತೆಗೆಯುವ ಅದಿರೂ ಕಡಿಮೆಯಾಯಿತು. ಒಂದು ತೊಂದರೆಯೂ ಇತ್ತು. ಕೆಲವು ಮನೆಗಳಲ್ಲಿ ಕಿಟಕಿಗೆ ಅಡ್ಡವಾಗಿ ಓರೆ ತೊಲೆ ಹಾದುಹೋಗುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕಾಗುತ್ತದೆ ಎಂಬುದು ಎಂಜಿನಿಯರಿಂಗ್‌ನಲ್ಲಿ ದಿನನಿತ್ಯದ ಮಾತು.

ತೂಗಿದರೆ ಜನರಿಗೆ ಹೇಗನಿಸುತ್ತದೆ?

ಲೆಕ್ಕದ ಪ್ರಕಾರ ಕಟ್ಟಡ ಬೀಳುವುದಿಲ್ಲ ಎಂಬುದು ಖಚಿತವಾಗಿತ್ತು. ಆದರೆ ಖಾನ್ ಅವರಿಗೆ ಅಷ್ಟು ಸಾಲದು. ಬೀಳದಿದ್ದರೂ ತೂಗುತ್ತದಲ್ಲ? ಕಚೇರಿಯವರು ಸಂಜೆ ಮನೆಗೆ ಹೋಗುತ್ತಾರೆ. ಮನೆಯಲ್ಲಿರುವವರು ರಾತ್ರಿಯೂ ಅಲ್ಲೇ ಮಲಗಬೇಕು. ಬಿರುಗಾಳಿಯ ರಾತ್ರಿ ಹಾಸಿಗೆ ಅಲುಗಿದರೆ ಹೆದರಿಕೆಯಾಗುವುದಿಲ್ಲವೇ? ಎಷ್ಟು ಅಲುಗಿದರೆ ಮನುಷ್ಯನಿಗೆ ಗೊತ್ತಾಗುತ್ತದೆ ಎಂಬುದಕ್ಕೆ ಬೇಕಾದಷ್ಟು ಮಾಹಿತಿ ಪುಸ್ತಕಗಳಲ್ಲಿ ಇರಲಿಲ್ಲ.

ಅವರೇ ಪ್ರಯೋಗ ಮಾಡಿದರು. ಶಿಕಾಗೋದ ವಿಜ್ಞಾನ ಮತ್ತು ಕೈಗಾರಿಕಾ ವಸ್ತುಸಂಗ್ರಹಾಲಯದಲ್ಲಿ ಬಟ್ಟೆ ಒಗೆಯುವ ಯಂತ್ರದ ಕೆಲಸ ತೋರಿಸಲು ಒಂದು ಚಲಿಸುವ ವೇದಿಕೆ ಇತ್ತು. ಅದರ ಮೇಲೆ ಜನರನ್ನು ಕೂರಿಸಿ, ನಿಲ್ಲಿಸಿ, ಮಲಗಿಸಿ, ನಿಧಾನವಾಗಿ ಅಲುಗಿಸಿ, ಯಾವಾಗ ಅದು ಅನುಭವಕ್ಕೆ ಬರುತ್ತದೆ ಎಂದು ಕೇಳಿ ಬರೆದುಕೊಂಡರು. ದುಬಾರಿ ಯಂತ್ರ ತರಿಸಲಿಲ್ಲ, ಕೈಗೆ ಸಿಕ್ಕಿದ ಸಲಕರಣೆಯಲ್ಲೇ ಪ್ರಶ್ನೆಗೆ ಉತ್ತರ ಹುಡುಕಿದರು. ಆ ಉತ್ತರವನ್ನು ಇಟ್ಟುಕೊಂಡು ತಮ್ಮ ವಿನ್ಯಾಸವನ್ನು ತೂಗಿ ನೋಡಿದರು.

ನೆಲದೊಳಗಿನ ಪೊಳ್ಳು

ಇಷ್ಟೆಲ್ಲ ಎಚ್ಚರ ವಹಿಸಿದರೂ ಒಂದು ಆಪತ್ತು ಕಾದಿತ್ತು. ಶಿಕಾಗೋದ ನೆಲ ಮೆದು ಜೇಡಿಮಣ್ಣು. ಅದರ ಮೇಲೆ ನೂರು ಅಂತಸ್ತು ನಿಲ್ಲುವುದಿಲ್ಲ. ಆದ್ದರಿಂದ ಆಳವಾದ ಗುಂಡಿ ಕೊರೆದು, ಕೆಳಗಿನ ಬಂಡೆಯವರೆಗೆ ಕಾಂಕ್ರೀಟ್ ಕಂಬಗಳನ್ನು ಇಳಿಸಿದ್ದರು. ನಮ್ಮ ಹೊಳೆಗಳಿಗೆ ಸೇತುವೆ ಕಟ್ಟುವಾಗಲೂ ಹೊಯಿಗೆ, ಕೆಸರು ದಾಟಿ ಗಟ್ಟಿ ನೆಲದವರೆಗೆ ಹೋಗಬೇಕಾಗುತ್ತದೆ.

1966ರಲ್ಲಿ ಉಕ್ಕಿನ ಚೌಕಟ್ಟು ಮೇಲೇರುತ್ತಿದ್ದಾಗ ಒಂದು ಕಂಬ ತುಸು ಕೆಳಗೆ ಇಳಿದದ್ದು ಕಂಡುಬಂತು. ಸ್ವಲ್ಪವೇ ತಾನೇ ಎಂದು ಬಿಡಬಹುದಿತ್ತೇ? ಬಿಡಲಿಲ್ಲ. ಕೆಲಸ ನಿಲ್ಲಿಸಿ ನೆಲದೊಳಗಿನ ಕಂಬಗಳನ್ನು ಕೊರೆದು ಪರೀಕ್ಷಿಸಿದರು. ಕಾಂಕ್ರೀಟ್ ಹಾಕುವಾಗ ಸುತ್ತಲೂ ಇರಿಸಿದ್ದ ಉಕ್ಕಿನ ಕೊಳವೆಯನ್ನು ಮೇಲಕ್ಕೆ ಎಳೆಯುವ ಹೊತ್ತಿಗೆ ಕಾಂಕ್ರೀಟೂ ಅದರೊಂದಿಗೆ ಎದ್ದು, ಒಳಗೆ ಪೊಳ್ಳು ಉಳಿದಿತ್ತು. ದೋಷವಿದ್ದದ್ದು ಒಂದರಲ್ಲಿ ಮಾತ್ರವಲ್ಲ! ಎಲ್ಲವನ್ನೂ ಸರಿಪಡಿಸಲು ತಿಂಗಳುಗಳೇ ಹಿಡಿದವು. ನಿರ್ಮಾಣಕ್ಕೆ ಹಣ ಹಾಕಿದವರಿಗೆ ಭಾರೀ ನಷ್ಟವಾಯಿತು. ಆದರೆ ಆ ಗೋಪುರದಲ್ಲಿ ಮುಂದೆ ಸಾವಿರಾರು ಜನ ಇರುವವರಿದ್ದರು. ಅವರ ಜೀವಕ್ಕಿಂತ ಹಣ ದೊಡ್ಡದಲ್ಲ. ಕಟ್ಟಡ 1969ರ ಹೊತ್ತಿಗೆ ಪೂರ್ಣ ಎತ್ತರಕ್ಕೆ ಎದ್ದು ನಿಂತಿತು. 2018ರಲ್ಲಿ ಅದರ ಹಳೆಯ ಹೆಸರನ್ನು ತೆಗೆದು ಬೀದಿಯ ವಿಳಾಸದಿಂದಲೇ ಕರೆಯುವುದಾಯಿತು. ಗೋಪುರ ಮಾತ್ರ ಇಂದಿಗೂ ಗಟ್ಟಿಯಾಗಿದೆ.

ಒಂಬತ್ತು ಕೊಳವೆಗಳ ಕಟ್ಟು

ಖಾನ್ ಮತ್ತು ಗ್ರಹಾಂ ಅವರ ಮುಂದಿನ ದೊಡ್ಡ ಕೆಲಸ ಸಿಯರ್ಸ್ ಟವರ್. ಒಂದು ಹಿಡಿಸೂಡಿ ಕಡ್ಡಿಯನ್ನು ಬಾಗಿಸುವುದು ಸುಲಭ. ಇಡೀ ಹಿಡಿಸೂಡಿಯನ್ನು ಬಾಗಿಸಿ ನೋಡಿ! ಖಾನ್ ಒಂದರ ಬದಲು ಒಂಬತ್ತು ಚೌಕಾಕಾರದ ಕೊಳವೆಗಳನ್ನು ಮೂರು ಸಾಲಿನಲ್ಲಿ ಮೂರು ಮೂರರಂತೆ ಒತ್ತಾಗಿ ಜೋಡಿಸಿದರು. ಪಕ್ಕಪಕ್ಕದ ಕೊಳವೆಗಳು ಒಂದನ್ನೊಂದು ಬಿಗಿಯಾಗಿ ಹಿಡಿದು ಗಾಳಿಯನ್ನು ಒಟ್ಟಾಗಿ ಎದುರಿಸುತ್ತವೆ.

ಒಂಬತ್ತೂ ತುದಿಯವರೆಗೆ ಹೋಗುವುದಿಲ್ಲ. ಎರಡು ಕೊಳವೆ 50ನೆಯ ಅಂತಸ್ತಿನಲ್ಲಿ ನಿಲ್ಲುತ್ತವೆ, ಎರಡು 66ರಲ್ಲಿ, ಮೂರು 90ರಲ್ಲಿ. ಉಳಿದವೆಷ್ಟು? ಎರಡು. ಆ ಎರಡು ಮಾತ್ರ ತುದಿ ಮುಟ್ಟುತ್ತವೆ. 442 ಮೀಟರ್ ಎತ್ತರದ, 110 ಅಂತಸ್ತಿನ ಈ ಕಟ್ಟಡ 1974ರಲ್ಲಿ ಪೂರ್ಣವಾದಾಗ ಪ್ರಪಂಚದಲ್ಲೇ ಅತಿ ಎತ್ತರದ್ದು. 1998ರಲ್ಲಿ ಮಲೇಷ್ಯಾದ ಪೆಟ್ರೋನಾಸ್ ಅವಳಿ ಗೋಪುರಗಳು ಬರುವವರೆಗೂ ಆ ಪಟ್ಟ ಅದಕ್ಕೇ ಇತ್ತು. 2009ರಿಂದ ಅದರ ಹೆಸರು ವಿಲ್ಲಿಸ್ ಟವರ್.

ಊರಿನ ನೆನಪು

ಅಷ್ಟು ದೂರ ಇದ್ದರೂ ಖಾನ್ ತಮ್ಮ ಭಾಷೆಯನ್ನು, ಜನರನ್ನು ಮರೆಯಲಿಲ್ಲ. ರವೀಂದ್ರನಾಥ ಠಾಕೂರರ ಹಾಡುಗಳೆಂದರೆ ಅವರಿಗೆ ಪ್ರಾಣ. 1971ರಲ್ಲಿ ಪೂರ್ವ ಪಾಕಿಸ್ತಾನದಲ್ಲಿ ಯುದ್ಧ ಶುರುವಾಯಿತು. ಸುಮಾರು ಒಂದು ಕೋಟಿ ಜನ ಮನೆಮಠ ಬಿಟ್ಟು ಭಾರತಕ್ಕೆ ಓಡಿ ಬಂದರು. ಆಗ ಖಾನ್ ಸುಮ್ಮನೆ ಕೂರಲಿಲ್ಲ. ಶಿಕಾಗೋದಲ್ಲಿದ್ದ ಬಂಗಾಳಿಗಳನ್ನು ಒಂದುಗೂಡಿಸಿ, ಸಂಘ ಕಟ್ಟಿ, ಸಂತ್ರಸ್ತರಿಗೆ ಹಣ ಕೂಡಿಸಿದರು, ತಮ್ಮ ಊರಿನ ಜನರ ಕಷ್ಟವನ್ನು ಅಮೆರಿಕದವರಿಗೆ ತಿಳಿಸಿದರು. ಆ ವರ್ಷದ ಕೊನೆಗೆ ಬಾಂಗ್ಲಾದೇಶ ಸ್ವತಂತ್ರವಾಯಿತು.

ಎತ್ತರದ ಕಟ್ಟಡ ಮಾತ್ರ ಅವರ ಕೆಲಸವಲ್ಲ. ಸೌದಿ ಅರೇಬಿಯಾದ ಜೆಡ್ಡಾ ನಗರದಲ್ಲಿ ಹಜ್ ಯಾತ್ರಿಕರಿಗಾಗಿ ವಿಮಾನ ನಿಲ್ದಾಣದ ಛಾವಣಿ ಬೇಕಾಗಿತ್ತು. ಸುಡುವ ಮರಳುಗಾಡು. ಅಲ್ಲಿ ಖಾನ್ ಮತ್ತು ಅವರ ತಂಡದವರು ಗಾಜಿನ ನೂಲಿನ ಬಟ್ಟೆಯಿಂದ 210 ಬೃಹತ್ ಡೇರೆಗಳನ್ನು ಎತ್ತರದಲ್ಲಿ ತೂಗುಹಾಕಿದರು. ಬಟ್ಟೆ ಬಿಸಿಲನ್ನು ತಡೆಯುತ್ತದೆ, ಬಿಸಿ ಗಾಳಿ ಮೇಲೇರಿ ಡೇರೆಯ ನೆತ್ತಿಯ ಕಂಡಿಯಿಂದ ಹೊರಟುಹೋಗುತ್ತದೆ, ಪಕ್ಕದಿಂದ ಗಾಳಿ ಒಳಗೆ ಬರುತ್ತದೆ. ಬೇಸಿಗೆಯಲ್ಲಿ ನಮ್ಮ ಮದುವೆ ಮನೆಯ ಮಡಲಿನ ಚಪ್ಪರದ ಕೆಳಗೆ ಕುಳಿತರೆ ಎಷ್ಟು ಹಾಯೆನಿಸುತ್ತದೆ! ನೆರಳು ಮತ್ತು ಗಾಳಿಯ ಓಡಾಟ, ಇವೆರಡೇ ಅಲ್ಲಿಯ ಗುಟ್ಟು. ನಮ್ಮ ಕರಾವಳಿಯಿಂದ ಹಜ್‌ಗೆ ಹೋಗಿ ಬಂದವರು ಯಾರಾದರೂ ನಿಮ್ಮ ಊರಿನಲ್ಲಿದ್ದರೆ ಆ ಡೇರೆಗಳನ್ನು ಕಂಡಿದ್ದಾರೆಯೇ ಎಂದು ಕೇಳಿ.

1982ರ ಮಾರ್ಚ್ 27ರಂದು ಅದೇ ಜೆಡ್ಡಾ ನಗರದಲ್ಲಿದ್ದಾಗ ಖಾನ್ ಹೃದಯಾಘಾತದಿಂದ ತೀರಿಕೊಂಡರು. 53 ವರ್ಷ ತುಂಬಲು ಇನ್ನು ಒಂದೇ ವಾರ ಇತ್ತು. ತಾವು ಬಹುಕಾಲ ದುಡಿದ ಶಿಕಾಗೋದಲ್ಲೇ ಅವರ ಸಮಾಧಿ ಇದೆ. 1999ರಲ್ಲಿ ಬಾಂಗ್ಲಾದೇಶ ಸರ್ಕಾರ ಅವರಿಗೆ ಮರಣೋತ್ತರವಾಗಿ ಸ್ವಾತಂತ್ರ್ಯ ಪ್ರಶಸ್ತಿ ನೀಡಿತು. ಅವರ ಮಗಳು ಯಾಸ್ಮಿನ್ ಸಬೀನಾ ಖಾನ್ ಕೂಡ ಎಂಜಿನಿಯರ್ ಆಗಿ, ತಂದೆಯ ಕೆಲಸದ ಬಗ್ಗೆ ಪುಸ್ತಕ ಬರೆದರು. 2010ರಲ್ಲಿ ದುಬೈಯಲ್ಲಿ ತೆರೆದ 828 ಮೀಟರ್ ಎತ್ತರದ ಬುರ್ಜ್ ಖಲೀಫಾವನ್ನು ವಿನ್ಯಾಸ ಮಾಡಿದ್ದು ಖಾನ್ ದುಡಿದಿದ್ದ ಅದೇ ಸಂಸ್ಥೆ.

ಎತ್ತರದ ಕಟ್ಟಡ ಎಲ್ಲ ಕಡೆಗೂ ಬೇಕು ಎಂದೇನೂ ಇಲ್ಲ. ಅದಕ್ಕೆ ನೀರು ಮೇಲೇರಿಸಬೇಕು, ಬೆಂಕಿ ಬಿದ್ದರೆ ಜನ ಇಳಿಯಲು ದಾರಿ ಬೇಕು, ಕೊಳೆ ನೀರು, ಕಸ ಹೋಗಲು ವ್ಯವಸ್ಥೆ ಬೇಕು. ಜಾಗ ಕಡಿಮೆ, ಜನ ಹೆಚ್ಚು ಇರುವ ದೊಡ್ಡ ನಗರದಲ್ಲಿ ಅದು ಉಪಯೋಗ. ನಮ್ಮ ಊರಿಗೆ ಯಾವುದು ಸರಿ ಎಂಬುದನ್ನು ನಮ್ಮ ಮಣ್ಣು, ಮಳೆ, ಗಾಳಿ ನೋಡಿಯೇ ತೀರ್ಮಾನಿಸಬೇಕು. ಆ ತೀರ್ಮಾನ ಮಾಡುವ ಎಂಜಿನಿಯರ್ ನಾಳೆ ನಿಮ್ಮಲ್ಲೇ ಒಬ್ಬರಾಗಬಹುದು.

ನೀವೇ ಮಾಡಿ ನೋಡಿ

1. ಹಳೆಯ ಪೋಸ್ಟ್ ಕಾರ್ಡನ್ನು ನೆಟ್ಟಗೆ ನಿಲ್ಲಿಸಲು ನೋಡಿ. ನಿಲ್ಲುವುದಿಲ್ಲ. ಅದನ್ನೇ ಸುರುಳಿ ಸುತ್ತಿ, ನೂಲು ಕಟ್ಟಿ ಕೊಳವೆ ಮಾಡಿ ನಿಲ್ಲಿಸಿ. ಮೇಲೆ ಒಂದೊಂದಾಗಿ ನೋಟ್‌ಬುಕ್ ಇಡಿ. ಎಷ್ಟು ಪುಸ್ತಕ ಹೊತ್ತಿತು? ಬರೆದಿಡಿ.

2. ಒಂದೇ ಅಳತೆಯ ನಾಲ್ಕು ರಟ್ಟಿನ ಪಟ್ಟಿಗಳ ತುದಿಗಳನ್ನು ಗುಂಡುಪಿನ್ನಿನಿಂದ ಜೋಡಿಸಿ ಚೌಕ ಮಾಡಿ, ತಳ್ಳಿ ನೋಡಿ. ಈಗ ಮೂಲೆಯಿಂದ ಮೂಲೆಗೆ ಒಂದು ಪಟ್ಟಿ ಸೇರಿಸಿ, ಮತ್ತೆ ತಳ್ಳಿ. ಪಿನ್ನು ಚುಚ್ಚುವಾಗ ಶಿಕ್ಷಕರ ಸಹಾಯ ಪಡೆಯಿರಿ.

3. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ. ಅಲ್ಲಿ ಹತ್ತು ಅಂತಸ್ತಿನ ಕಟ್ಟಡ ಕಟ್ಟಬೇಕೆಂದು ಯಾರಾದರೂ ಕೇಳಿದರೆ, ಎಂಜಿನಿಯರ್ ಆಗಿ ನೀವು ಮೊದಲು ಯಾವ ಐದು ವಿಷಯಗಳನ್ನು ಪರೀಕ್ಷಿಸುತ್ತೀರಿ? ಗುಂಪಿನಲ್ಲಿ ಚರ್ಚಿಸಿ, ತರಗತಿಯಲ್ಲಿ ಓದಿ ಹೇಳಿ.